ಕಬ್ಬಿನ ಹಾಲಿಗೆ ಕಬ್ಬಿನದೇ ಬೆಂಕಿ

2019ರ ಫೆಬ್ರುವರಿಯಲ್ಲಿ ಒಂದು ವಾರ ಪೂರ್ತಿ ನಾನು ನಮ್ಮ ಆಲೆಮನೆಯಲ್ಲಿ ಕಬ್ಬಿನ ಸಿಪ್ಪೆಯನ್ನು ತೂಗಿದೆ. ಬೆಲ್ಲ ತೂಗುವುದು ನಮ್ಮ ಕಸುಬು, ಕಬ್ಬನ್ನು ತೂಗದೆ ರೈತರಿಗೆ ಹಣ ಕೊಡಲಾಗದು. ಆದರೆ ಗಾಣದ ಆಚೆ ಬದಿಯಿಂದ ಹೊರಬಿದ್ದು, ಅಂಗಳದಲ್ಲಿ ಒಣಗಿ, ಕೊನೆಗೆ ಒಲೆಯ ಬಾಯಿಗೆ ಹೋಗುವ ಸಿಪ್ಪೆಯನ್ನು ಅಪ್ಪನ ಕಾಲದಿಂದಲೂ ಯಾರೂ ತೂಗಿರಲಿಲ್ಲ. ಅದು ಪುಕ್ಕಟೆ ಬಂದದ್ದು, ಹಾಗಾಗಿ ಅದಕ್ಕೆ ಲೆಕ್ಕ ಬೇಕಿಲ್ಲ ಎಂಬ ಭಾವನೆ ನಮ್ಮೆಲ್ಲರಲ್ಲೂ ಇತ್ತು. ನಮ್ಮ ಆಲೆಮನೆಗೆ ಆದ ನಷ್ಟದ ಬಹುಪಾಲು ಆ ಒಂದು ಭಾವನೆಯಿಂದಲೇ ಆಗಿತ್ತು ಎಂಬುದು ಆ ವಾರದ ಕೊನೆಗೆ ನನಗೆ ತಿಳಿಯಿತು.

ನಮ್ಮದು ಪಾಂಡವಪುರ ತಾಲ್ಲೂಕಿನಲ್ಲಿ, ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿಯುವ ಒಂದು ಊರು. ದಿನಕ್ಕೆ ಸುಮಾರು ಆರು ಟನ್ ಕಬ್ಬು ಅರೆಯುವ ಸಣ್ಣ ಆಲೆಮನೆ. ಒಂದು ಮೂರು ಉರುಳೆಯ ಗಾಣ, ಒಂದು ಕೊಪ್ಪರಿಗೆ, ಎಂಟು ಜನ ಕೆಲಸಗಾರರು. ಬೆಲ್ಲ ಅಚ್ಚಿಗೆ ಬಿದ್ದು ಮಂಡ್ಯದ ಎಪಿಎಂಸಿಗೆ ಹೋಗುತ್ತದೆ. ಅಪ್ಪ ನಡೆಸುತ್ತಿದ್ದ ಕಾಲದಲ್ಲಿ ಸಿಪ್ಪೆ ಸಾಲದೆ ಹೋದಾಗ ಸೌದೆ ತರಿಸುತ್ತಿದ್ದರು. ಸೌದೆಯ ಬೆಲೆ ಏರಿದಂತೆ ಸುತ್ತಮುತ್ತಲಿನ ಕೆಲವರು ಹಳೆಯ ಟೈರು, ಸವೆದ ಚಪ್ಪಲಿ, ರೆಕ್ಸಿನ್ ಚೂರುಗಳನ್ನು ಲಾರಿಯಲ್ಲಿ ತರಿಸಿ ಸುಡಲು ಶುರುಮಾಡಿದರು. ನಾನು ಉಸ್ತುವಾರಿ ವಹಿಸಿಕೊಂಡ ಮೇಲೆ ಎರಡು ಹಂಗಾಮು ನಾವೂ ಅದನ್ನೇ ಸುಟ್ಟೆವು. ಅದು ತಪ್ಪು ಎಂದು ಗೊತ್ತಿರಲಿಲ್ಲವೆಂದು ನಾನು ಹೇಳಲಾರೆ. ಸಂಜೆಯ ಹೊತ್ತು ಹೊಗೆ ಮೇಲೇಳದೆ ಊರಿನ ಮೇಲೆಯೇ ಹಾಸಿಕೊಳ್ಳುತ್ತಿತ್ತು, ಪಕ್ಕದ ಮನೆಯ ಮಕ್ಕಳು ಕೆಮ್ಮುವುದು ನಮ್ಮ ಅಂಗಳಕ್ಕೆ ಕೇಳಿಸುತ್ತಿತ್ತು, ಒಲೆಯ ಬೂದಿಯಲ್ಲಿ ಟೈರಿನ ತಂತಿಯ ಸುರುಳಿಗಳು ಸಿಗುತ್ತಿದ್ದವು. ಹಿಂದೆಲ್ಲ ಕಬ್ಬಿನ ಗದ್ದೆಗೆ ಹೋಗುತ್ತಿದ್ದ ಬೂದಿಯನ್ನು ಆ ಎರಡು ವರ್ಷ ಯಾರೂ ಕೇಳಿಕೊಂಡು ಬರಲಿಲ್ಲ. ಕೇಳಿದ್ದರೂ ಕೊಡುವ ಧೈರ್ಯ ನನಗಿರಲಿಲ್ಲ. ಅದು ಆಲೆಮನೆಯ ಹಿಂದಿನ ಹಳ್ಳದ ದಂಡೆಯಲ್ಲಿ ಗುಡ್ಡೆಯಾಗಿ ಬಿದ್ದಿತ್ತು.

ಊರಿನವರು ಪಂಚಾಯಿತಿಗೆ ದೂರು ಕೊಟ್ಟ ಮೇಲೆ ಅದನ್ನು ನಿಲ್ಲಿಸಿದೆವು. ನಿಲ್ಲಿಸಿದ ಕೂಡಲೇ ಸೌದೆಯ ಖರ್ಚು ಮತ್ತೆ ಕುತ್ತಿಗೆಗೆ ಬಂತು. ಸಿಪ್ಪೆ ತೂಗುವ ಯೋಚನೆ ಬಂದದ್ದು ಆಗ, ಒಬ್ಬ ಹಿರಿಯರ ಮಾತಿನಿಂದ. ನಲವತ್ತು ವರ್ಷ ಬೆಲ್ಲದ ಪಾಕ ನೋಡಿದ ಅವರು ನಮ್ಮ ಚಿಮಣಿಯತ್ತ ಕೈತೋರಿಸಿ, "ಕರಿ ಹೊಗೆ ಹೋಯ್ತಾದೆ ಅಂದ್ರೆ ಬೇಯ್ದೆ ಇರೋ ಸಿಪ್ಪೆ ಹೋಯ್ತಾದೆ ಅಂತ್ಲೇ ಕಣ್ ಮಗ. ಕಬ್ಬು ತನ್ನ ಹಾಲ ಕಾಯ್ಸೋವಷ್ಟು ಬೆಂಕಿಯ ತಾನೇ ತಂದಿರ್ತದೆ" ಎಂದರು. ಅದು ನಿಜವೇ ಎಂದು ಲೆಕ್ಕ ಹಾಕಿ ನೋಡಬೇಕೆನ್ನಿಸಿತು.

ವಾರದ ಲೆಕ್ಕ ಹೀಗೆ ಬಂತು. ಒಂದು ಟನ್ ಕಬ್ಬು ಅರೆದರೆ ನಮಗೆ ಸಿಗುತ್ತಿದ್ದದ್ದು ಹೆಚ್ಚೂಕಡಿಮೆ 570 ಕೆಜಿ ಹಾಲು, ಎಂದರೆ ಕಬ್ಬಿನ ರಸ; ಉಳಿದದ್ದು ಹಸಿ ಸಿಪ್ಪೆ. ಬೆಲ್ಲ 100 ಕೆಜಿಯ ಆಸುಪಾಸು. ಗಾಣದಿಂದ ಹೊರಬಿದ್ದ ಸಿಪ್ಪೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಅದನ್ನು ಮೂರು ದಿನ ಚೆನ್ನಾಗಿ ಬಿಸಿಲಿಗೆ ಹರಡಿದರೆ ಒಂದು ಟನ್ ಕಬ್ಬಿಗೆ ಸುಮಾರು 230 ಕೆಜಿ ಒಣ ಸಿಪ್ಪೆ ಉಳಿಯಿತು. ಅಂದರೆ ಒಂದು ಕೆಜಿ ಬೆಲ್ಲಕ್ಕೆ ನಮ್ಮ ಕೈಯಲ್ಲಿದ್ದ ಉರುವಲು ಎರಡೂಕಾಲು ಕೆಜಿ ಮಾತ್ರ. ನಮ್ಮ ಒಲೆ ಸುಡುತ್ತಿದ್ದದ್ದು, ಸಿಪ್ಪೆ ಸೌದೆ ಎರಡನ್ನೂ ಕೂಡಿಸಿದರೆ, ಮೂರು ಕೆಜಿಗೆ ಸ್ವಲ್ಪ ಕಡಿಮೆ. ಈ ಅಂತರವನ್ನೇ ನಾವು ವರ್ಷಗಟ್ಟಲೆ ಹೊರಗಿನಿಂದ ಕೊಂಡು ತಂದು ತುಂಬುತ್ತಿದ್ದೆವು. ಟೈರು ಬಂದದ್ದೂ ಇದೇ ಸಂದಿನಲ್ಲಿ.

ಲೆಕ್ಕದ ಇನ್ನೊಂದು ಬದಿಯನ್ನೂ ನೋಡಿದೆ. ಒಂದು ಟನ್ ಕಬ್ಬಿನ ಹಾಲಿನಿಂದ ಬೆಲ್ಲ ತೆಗೆಯಬೇಕಾದರೆ ಸುಮಾರು 470 ಲೀಟರ್ ನೀರನ್ನು ಆವಿ ಮಾಡಿ ಓಡಿಸಬೇಕು. ಅದಕ್ಕೆ ಬೇಕಾದ ಶಾಖಕ್ಕೂ, 230 ಕೆಜಿ ಒಣ ಸಿಪ್ಪೆಯಲ್ಲಿರುವ ಶಾಖಕ್ಕೂ ಹೋಲಿಸಿದರೆ ಸಿಪ್ಪೆಯಲ್ಲಿ ಎರಡೂವರೆ ಪಟ್ಟು ಹೆಚ್ಚೇ ಇದೆ. ಎಂದರೆ ಒಲೆಯಲ್ಲಿ ಹುಟ್ಟಿದ ಶಾಖದಲ್ಲಿ ನೂರಕ್ಕೆ ನಲವತ್ತು ಪಾಲು ಕೊಪ್ಪರಿಗೆಗೆ ಮುಟ್ಟಿದರೂ ಸಾಕು, ಹೊರಗಿನ ಒಂದು ಕಡ್ಡಿಯೂ ಬೇಕಾಗುವುದಿಲ್ಲ. ನಮ್ಮಲ್ಲಿ ಮುಟ್ಟುತ್ತಿದ್ದದ್ದು ಮೂವತ್ತರಷ್ಟು. ಹಿರಿಯರ ಮಾತು ಅಕ್ಷರಶಃ ಸರಿಯಾಗಿತ್ತು. ಕೊರತೆ ಉರುವಲಿನದಲ್ಲ, ಒಲೆಯದು. ಈಗ ಸಭೆ ಸಮಾರಂಭಗಳಲ್ಲಿ ಸರ್ಕ್ಯುಲರ್ ಎಕಾನಮಿ, ಎಂದರೆ ಉಳಿದದ್ದನ್ನೇ ಮತ್ತೆ ಬಳಸುವ ಆರ್ಥಿಕತೆ, ಎಂದು ಹೇಳುವುದನ್ನು ಕೇಳುವಾಗಲೆಲ್ಲ ನನಗೆ ನೆನಪಾಗುವುದು ಈ ಲೆಕ್ಕ. ಕಬ್ಬಿನದು ಹುಟ್ಟಿನಿಂದಲೇ ಸುತ್ತಿ ಬರುವ ದಾರಿ. ನಾವು ಅದನ್ನು ಒಂದು ಕಡೆ ಮುರಿದು, ಮುರಿದ ಜಾಗಕ್ಕೆ ಹಣ ಸುರಿಯುತ್ತಿದ್ದೆವು.

ಮೊದಲು ಕೈಹಾಕಿದ್ದು ಒಲೆಗಲ್ಲ, ಗಾಣಕ್ಕೆ. ಒಣಹಾಕಿದ ಸಿಪ್ಪೆಯ ಮೇಲೆ ಸದಾ ಇರುವೆಯ ಸಾಲು, ಜೇನುನೊಣ, ಕಣಜ ಮುತ್ತಿರುತ್ತಿದ್ದವು. ಚಿಕ್ಕಂದಿನಿಂದ ಕಂಡ ದೃಶ್ಯವಾದ್ದರಿಂದ ಅದು ಆಲೆಮನೆಯ ಸಹಜ ಲಕ್ಷಣವೆಂದೇ ತಿಳಿದಿದ್ದೆ. ಒಂದು ಬೆಳಿಗ್ಗೆ ಗಾಣದಿಂದ ಆಗತಾನೆ ಬಿದ್ದ ಸಿಪ್ಪೆಯನ್ನು ಹಿಡಿಯಷ್ಟು ತೆಗೆದು ಹಿಂಡಿದೆ. ಬೆರಳ ಸಂದಿನಿಂದ ಹಾಲು ಜಿನುಗಿ ಮಣಿಕಟ್ಟಿನವರೆಗೆ ಹರಿಯಿತು. ಇರುವೆಗಳಿಗೆ ಗೊತ್ತಿದ್ದದ್ದು ನಮಗೆ ಗೊತ್ತಿರಲಿಲ್ಲ. ಉರುಳೆಗಳ ಹಲ್ಲು ಸವೆದು ನುಣ್ಣಗಾಗಿದ್ದವು. ಅವನ್ನು ಬಿಚ್ಚಿಸಿ ಮಂಡ್ಯದ ಲೇತ್ ಅಂಗಡಿಯಲ್ಲಿ ಹೊಸದಾಗಿ ಹಲ್ಲು ಕೊರೆಸಿ, ನಡುವಿನ ಸಂದನ್ನು ಬಿಗಿ ಮಾಡಿ ಕೂರಿಸಿದ ಮೇಲೆ, ಒಂದು ಟನ್ನಿಗೆ ಹಾಲು 570 ಕೆಜಿಯಿಂದ 610ಕ್ಕೆ ಏರಿತು. ಬೆಲ್ಲ ಐದಾರು ಕೆಜಿ ಹೆಚ್ಚು ಬಂತು. ಸಿಪ್ಪೆಯೂ ಮೊದಲಿಗಿಂತ ಬೇಗ ಒಣಗತೊಡಗಿತು. ಇಡೀ ಬದಲಾವಣೆಯಲ್ಲಿ ಅತಿ ಕಡಿಮೆ ಖರ್ಚಿನಲ್ಲಿ ಅತಿ ಬೇಗ ಫಲ ಕೊಟ್ಟ ಕೆಲಸ ಇದೇ. ಯಾರಾದರೂ ಎಲ್ಲಿಂದ ಶುರುಮಾಡಬೇಕು ಎಂದು ಕೇಳಿದರೆ, ಸಿಪ್ಪೆಯನ್ನು ಕೈಯಲ್ಲಿ ಹಿಂಡಿ ನೋಡಿ ಎಂದೇ ನಾನು ಹೇಳುತ್ತೇನೆ.

ಒಣಗಿಸುವ ವಿಷಯದಲ್ಲಿ ನಮ್ಮ ಅಜಾಗರೂಕತೆ ದೊಡ್ಡದಿತ್ತು. ಅರೆಬರೆ ಒಣಗಿದ ಸಿಪ್ಪೆಯನ್ನು ಒಲೆಗೆ ತಳ್ಳಿದರೆ, ಬೆಂಕಿ ಮೊದಲು ಸಿಪ್ಪೆಯೊಳಗಿನ ನೀರನ್ನು ಆವಿ ಮಾಡುತ್ತದೆ, ಆಮೇಲೆ ಉಳಿದ ಕಸುವಿನಿಂದ ಕೊಪ್ಪರಿಗೆಯನ್ನು ಕಾಯಿಸುತ್ತದೆ. ಉರುವಲು ಹಾಕುವ ಕೆಲಸಗಾರರು ಉತ್ತರ ಪ್ರದೇಶದಿಂದ ಬಂದವರು, ಕೆಲಸದಲ್ಲಿ ಪಳಗಿದವರು. ಅವರ ಕೈಗೆ ನಾವು ಕೊಡುತ್ತಿದ್ದ ಸಿಪ್ಪೆಯೇ ಸರಿ ಇರಲಿಲ್ಲ. ಅಂಗಳವನ್ನು ಮೂರು ಪಾಲು ಮಾಡಿ, ಇಂದಿನದು, ನಿನ್ನೆಯದು, ಮೊನ್ನೆಯದು ಎಂದು ಬೇರೆಬೇರೆ ಹರಡಿ, ಮೊನ್ನೆಯದನ್ನು ಮಾತ್ರ ಒಲೆಗೆ ಒಯ್ಯುವ ಕ್ರಮ ಮಾಡಿದೆವು. ಬೇಸಿಗೆಯಲ್ಲಿ ಮಿಕ್ಕಿದ್ದನ್ನು ಒಟ್ಟಲು ತಗಡಿನ ಒಂದು ಮಾಡು ಕಟ್ಟಿದೆವು. ಮಳೆಗಾಲದ ಅರ್ಧ ಕಷ್ಟ ಈ ಮಾಡಿನಿಂದಲೇ ಕಡಿಮೆಯಾಯಿತು.

ಒಲೆಯನ್ನು ಕೆಡವಿದ್ದು ಅದೇ ವರ್ಷದ ಆಷಾಢದಲ್ಲಿ, ಗಾಣ ನಿಲ್ಲಿಸಿ. ಅದಕ್ಕೂ ಮುನ್ನ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂಗೆ ಹೋಗಿ ಅಲ್ಲಿನ ಬೆಲ್ಲ ತಯಾರಿಕೆಯ ಘಟಕವನ್ನು ನೋಡಿಕೊಂಡು ಬಂದೆ. ಎರಡು ಕೊಪ್ಪರಿಗೆಯ ಒಲೆ ನಡೆಸುತ್ತಿದ್ದ ಇಬ್ಬರ ಬಳಿ ಹೋಗಿ ಅರ್ಧರ್ಧ ದಿನ ಕೂತು ನೋಡಿದೆ. ನಮ್ಮ ಹಳೆಯ ಒಲೆ ಎಂದರೆ ನೆಲದೊಳಗಿನ ಒಂದು ದೊಡ್ಡ ಹೊಂಡ, ಅದರ ಮೇಲೆ ಕೊಪ್ಪರಿಗೆ, ಒಂದು ಪಕ್ಕಕ್ಕೆ ಬಾಯಿ, ಇನ್ನೊಂದು ಪಕ್ಕಕ್ಕೆ ಕುಳ್ಳ ಚಿಮಣಿ. ಉರುವಲು ಹೊಂಡದ ತಳದಲ್ಲಿ ಬೂದಿಯ ಮೇಲೆಯೇ ಬಿದ್ದು, ಕೆಳಗಿನಿಂದ ಗಾಳಿ ಸಿಗದೆ, ಕೆಂಡವಾಗುವ ಮುನ್ನವೇ ಬೂದಿಯಲ್ಲಿ ಹೂತುಹೋಗುತ್ತಿತ್ತು. ಕೆಡವಿದಾಗ ತಳದಲ್ಲಿ ಗೇಣುದ್ದದ ಪದರವಾಗಿ ಕರಿ ಇದ್ದಿಲು ಸಿಕ್ಕಿತು. ಅಷ್ಟೂ ಸುಡಬೇಕಾಗಿದ್ದ ಸಿಪ್ಪೆ.

ಹೊಸ ಒಲೆಯಲ್ಲಿ ಎರಕದ ಕಬ್ಬಿಣದ ಸರಳುಗಳನ್ನು ಸಾಲಾಗಿ ಕೂರಿಸಿ, ಅದರ ಕೆಳಗೆ ಬೂದಿ ಬೀಳುವ ಗುಂಡಿಯನ್ನೂ ಗಾಳಿ ಬರುವ ಕಿಂಡಿಯನ್ನೂ ಇಟ್ಟೆವು. ಒಳಗೋಡೆಗೆ ಬೆಂಕಿ ತಡೆಯುವ ಇಟ್ಟಿಗೆ ಕಟ್ಟಿಸಿದೆವು. ಕೊಪ್ಪರಿಗೆಯ ಅಡಿಯಿಂದ ಹೊರಟ ಬಿಸಿ ಗಾಳಿ ನೇರವಾಗಿ ಚಿಮಣಿಗೆ ಹೋಗದೆ, ಸುರಂಗದ ದಾರಿಯಲ್ಲಿ ಎರಡನೆಯ ಕೊಪ್ಪರಿಗೆಯ ಅಡಿಯನ್ನು ಸವರಿಕೊಂಡು ಹೋಗುವಂತೆ ಮಾಡಿದೆವು. ಮೊದಲನೆಯದರಲ್ಲಿ ಪಾಕ ಕುದಿಯುತ್ತಿರುವಾಗ ಎರಡನೆಯದರಲ್ಲಿ ಮುಂದಿನ ಹಾಲು ತಾನಾಗಿ ಬಿಸಿಯಾಗುತ್ತದೆ. ಮೊದಲು ಚಿಮಣಿಯಿಂದ ಆಕಾಶಕ್ಕೆ ಹೋಗುತ್ತಿದ್ದ ಶಾಖವೇ ಇದು. ಕಟ್ಟಿದ ಗಾರೆ ಮೇಸ್ತ್ರಿ ಈ ಕಸುಬಿನಲ್ಲಿ ನುರಿತವರು. ಆದರೂ ಒಲೆ ಹೊತ್ತಿಸಿದ ಮೊದಲ ವಾರ ಸಿಪ್ಪೆ ಖರ್ಚು ಇಳಿಯುವ ಬದಲು ಏರಿತು. ಚಿಮಣಿಯನ್ನು ಎತ್ತರಿಸಿದ್ದರಿಂದ ಸೆಳೆತ ಹೆಚ್ಚಾಗಿ, ಜ್ವಾಲೆ ಕೊಪ್ಪರಿಗೆಯ ಅಡಿಯಲ್ಲಿ ನಿಲ್ಲದೆ ಸುರಂಗದೊಳಕ್ಕೆ ಓಡುತ್ತಿತ್ತು. ಚಿಮಣಿಯ ಬುಡದಲ್ಲಿ ಎಳೆದು ತಳ್ಳುವ ದಪ್ಪ ತಗಡಿನ ಒಂದು ಅಡ್ಡಬಾಗಿಲು ಇಡಿಸಿದ ಮೇಲೆ ಅದು ಹತೋಟಿಗೆ ಬಂತು. ಈಗ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮುಚ್ಚಿಯೇ ಇಡುತ್ತೇವೆ.

ಎರಡನೆಯ ಕೊಪ್ಪರಿಗೆ ಇನ್ನೊಂದು ಪೆಟ್ಟು ಕೊಟ್ಟಿತು. ಬೆಳಿಗ್ಗೆ ಬೇಗ ಶುರುಮಾಡಬಹುದೆಂದು ಒಂದು ರಾತ್ರಿ ಅದಕ್ಕೆ ಹಾಲು ತುಂಬಿಸಿ ಬಿಟ್ಟೆವು. ಒಲೆ ಆರಿದ್ದರೂ ಇಟ್ಟಿಗೆಯ ಕಾವು ಉಳಿದಿತ್ತು. ಹಾಲು ರಾತ್ರಿಯೆಲ್ಲ ಉಗುರು ಬೆಚ್ಚಗೆ ಕೂತಿತು. ಬೆಳಿಗ್ಗೆ ಮುಚ್ಚಳ ತೆಗೆದಾಗ ಹುಳಿ ವಾಸನೆ ಸಣ್ಣಗೆ ಮೂಗಿಗೆ ಹೊಡೆಯಿತು. ಕಬ್ಬಿನ ಹಾಲು ಹಿಂಡಿದ ಗಳಿಗೆಯಿಂದಲೇ ಕೆಡಲು ತೊಡಗುತ್ತದೆ, ಉಗುರು ಬೆಚ್ಚಗಿನ ಹದ ಅದು ಕೆಡುವುದಕ್ಕೆ ಹೇಳಿ ಮಾಡಿಸಿದ್ದು. ಆ ಹಾಲಿನ ಪಾಕ 118 ಡಿಗ್ರಿ ಮುಟ್ಟಿದರೂ, ನೀರಿಗೆ ಹಾಕಿ ನೋಡಿದರೆ ಉಂಡೆ ಕಟ್ಟಲಿಲ್ಲ. ಅಚ್ಚಿಗೆ ಸುರಿದದ್ದು ಮರುದಿನವೂ ಮೆತ್ತಗೇ ಇತ್ತು. ಹಾಲಿನ ಸಕ್ಕರೆ ಒಡೆದುಹೋದರೆ ಬೆಲ್ಲ ಗಟ್ಟಿಯಾಗುವುದಿಲ್ಲ ಎಂಬುದು ಪಾಕ ನೋಡುವವರಿಗೆಲ್ಲ ಗೊತ್ತು. ಆದರೆ ಶಾಖ ಉಳಿಸುವ ಆತುರದಲ್ಲಿ ನನಗೆ ಅದು ಹೊಳೆದಿರಲಿಲ್ಲ. ಆ ದಿನದ ಬೆಲ್ಲವನ್ನು ಅರ್ಧ ಬೆಲೆಗೂ ಕಡಿಮೆಗೆ ಕೊಡಬೇಕಾಯಿತು. ಅಂದಿನಿಂದ ಎರಡನೆಯ ಕೊಪ್ಪರಿಗೆಗೆ ಹಾಲು ಬೀಳುವುದು, ಮೊದಲನೆಯದು ಕುದಿ ಹಿಡಿದ ಮೇಲೆಯೇ. ಸಂಜೆ ಕೆಲಸ ಮುಗಿದಾಗ ಅದು ಬರಿದಾಗಿ, ತೊಳೆದು, ಒಣಗಿರಬೇಕು.

ಅಷ್ಟೆಲ್ಲ ಸರಿಹೋಗುವ ಹೊತ್ತಿಗೆ ದೀಪಾವಳಿ ಬಂದಿತ್ತು. ಕಾರ್ತಿಕದಲ್ಲಿ ಮತ್ತೆ ಒಂದು ವಾರ ತೂಗಿದೆ. ಒಂದು ಕೆಜಿ ಬೆಲ್ಲಕ್ಕೆ ಸುಟ್ಟ ಸಿಪ್ಪೆ ಎರಡು ಕೆಜಿ ನೂರು ಗ್ರಾಂ, ಸೌದೆ ಸೊನ್ನೆ. ದಿನದ ಕೊನೆಗೆ ಒಂದು ಸಣ್ಣ ರಾಶಿ ಸಿಪ್ಪೆ ಅಂಗಳದಲ್ಲಿ ಮಿಕ್ಕಿತು. ಆ ರಾಶಿಯ ಮುಂದೆ ನಿಂತಾಗ ನನಗಾದ ಸಂತೋಷವನ್ನು ಹೇಗೆ ಬರೆಯಬೇಕೋ ತಿಳಿಯದು. ಗಾಣ, ಒಲೆ, ಮಾಡು ಎಲ್ಲ ಸೇರಿ ಸುಮಾರು 2 ಲಕ್ಷ 80 ಸಾವಿರ ರೂಪಾಯಿ ಖರ್ಚಾಗಿತ್ತು. ದಿನಕ್ಕೆ ನಾಲ್ಕು ಕ್ವಿಂಟಾಲಿನಷ್ಟು ಸೌದೆ ಉಳಿದದ್ದರಿಂದ ಮುಂದಿನ ಹಂಗಾಮು ಮುಗಿಯುವ ಮೊದಲೇ ಹಾಕಿದ ಹಣ ಹುಟ್ಟಿತು. ನಮ್ಮ ನಂತರ ಹೊಸದಾಗಿ ಮಾಡಿದವರಿಗೆ ಇನ್ನೊಂದು ಅನುಕೂಲವಿತ್ತು: 2020ರಲ್ಲಿ ಶುರುವಾದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯಲ್ಲಿ ಮಂಡ್ಯ ಜಿಲ್ಲೆಗೆ ಗೊತ್ತುಮಾಡಿದ ಉತ್ಪನ್ನವೇ ಬೆಲ್ಲ, ಬ್ಯಾಂಕ್ ಸಾಲದ ಜೊತೆಗೆ ಶೇ 35ರಷ್ಟು, ಗರಿಷ್ಠ 10 ಲಕ್ಷದವರೆಗೆ ಸಹಾಯಧನಕ್ಕೆ ಅದರಲ್ಲಿ ಅವಕಾಶವಿತ್ತು.

ಒಲೆ ಶುದ್ಧವಾದ ಮೇಲೆ, ನಾನು ಎಣಿಸಿರದಿದ್ದ ಒಂದು ಬಾಗಿಲು ತೆರೆಯಿತು. ಬೂದಿ ಮತ್ತೆ ಬೂದಿಯಾಯಿತು. ಕಬ್ಬು ಭೂಮಿಯಿಂದ ಎತ್ತಿಕೊಳ್ಳುವುದರಲ್ಲಿ ಪೊಟ್ಯಾಷ್‌ನದು ದೊಡ್ಡ ಪಾಲು, ಅದರಲ್ಲಿ ಸಿಪ್ಪೆಗೆ ಸೇರಿದ್ದು ಬೂದಿಯಲ್ಲೇ ಉಳಿಯುತ್ತದೆ. ಪೊಟ್ಯಾಷ್ ಗೊಬ್ಬರಕ್ಕೆ ನಮ್ಮ ದೇಶ ಬಹುಮಟ್ಟಿಗೆ ಆಮದನ್ನೇ ನಂಬಿರುವಾಗ, ಅದನ್ನು ಹಳ್ಳದ ದಂಡೆಗೆ ಸುರಿಯುವುದು ಎಷ್ಟು ಅನ್ಯಾಯವೆಂಬುದು ನನಗೆ ಆಗ ಮನವರಿಕೆಯಾಯಿತು. ನಮ್ಮಲ್ಲಿ ದಿನಕ್ಕೆ ಬರುವುದು ಒಂದೆರಡು ಚೀಲ ಬೂದಿ, ಅಷ್ಟೇ. ಕಬ್ಬು ಇಳಿಸಿದ ಗಾಡಿ ಬರಿದೇ ಹಿಂತಿರುಗದೆ ಸರದಿಯ ಪ್ರಕಾರ ಆ ಚೀಲಗಳನ್ನು ಒಯ್ಯುವಂತೆ ಮಾಡಿದೆವು. ಮೊದಮೊದಲು ರೈತರು ಅನುಮಾನಿಸಿದರು. ಟೈರು ಸುಟ್ಟಿದ್ದನ್ನು ಅವರು ಮರೆತಿರಲಿಲ್ಲ. ಒಬ್ಬರು ಚೀಲವನ್ನು ನಮ್ಮ ಅಂಗಳದಲ್ಲೇ ಸುರಿದು, ಕೈಯಾಡಿಸಿ, ತಂತಿ ಇದೆಯೇ ಎಂದು ಹುಡುಕಿ ನೋಡಿದ ಮೇಲೆ ತುಂಬಿಕೊಂಡರು. ಅವರು ಹಾಗೆ ಮಾಡಿದ್ದು ಸರಿಯಾಗಿಯೇ ಇತ್ತು.

ಮಡ್ಡಿಯ ಕಥೆಯೂ ಹೀಗೆಯೇ. ಹಾಲು ಕಾದು ಕುದಿಗೆ ಬರುವ ಮುಂಚೆ, ಅದರಲ್ಲಿನ ಕೊಳೆಯೆಲ್ಲ ಹಸಿರುಗಪ್ಪು ಕೆನೆಯಂತೆ ಮೇಲೆ ಕಟ್ಟುತ್ತದೆ; ಅದೇ ಮಡ್ಡಿ. ಬೆಂಡೆ ಗಿಡದ ಕಾಂಡವನ್ನು ಜಜ್ಜಿ ನೀರಿನಲ್ಲಿ ಕಿವುಚಿದ ಲೋಳೆಯನ್ನು ಆಗ ಸುರಿದರೆ, ಆ ಕೆನೆ ಬಿಗಿಯಾಗಿ ಹೆಪ್ಪುಗಟ್ಟಿ, ಅಂಚಿನಿಂದ ಸುಲಿಯುವಂತೆ ಜರಡಿಗೆ ಬರುತ್ತದೆ. ಕೆಳಗೆ ತಿಳಿಯಾದ ಹೊಂಬಣ್ಣದ ಹಾಲು ಕಾಣುತ್ತದೆ. ಕಾಯಿ ಕಿತ್ತು ಮುಗಿದ ಬೆಂಡೆ ತೋಟದವರು ಗಿಡವನ್ನು ಹೇಗೂ ಕಿತ್ತು ಬಿಸಾಡುತ್ತಾರೆ, ನಾವು ಅವನ್ನು ಹೊರೆಯ ಲೆಕ್ಕದಲ್ಲಿ ಕೊಳ್ಳುತ್ತೇವೆ. ಬಣ್ಣಕ್ಕೆಂದು ಹೈಡ್ರೋಸ್ ಎಂಬ ರಾಸಾಯನಿಕ ಹಾಕುವುದನ್ನು ಬಿಟ್ಟಿದ್ದೇವೆ. ಬೆಲ್ಲ ಸ್ವಲ್ಪ ಕಪ್ಪಗೆ ಬರುತ್ತದೆ, ಮಾರುಕಟ್ಟೆಯಲ್ಲಿ ಹಳದಿ ಬೆಲ್ಲಕ್ಕೇ ಇಂದಿಗೂ ಹೆಚ್ಚು ಕೂಗು ಎಂಬುದು ನನ್ನ ದೊಡ್ಡ ಸಂಕಟ. ಆದರೆ ರಾಸಾಯನಿಕ ಬಿದ್ದ ಮಡ್ಡಿಯನ್ನು ಎಲ್ಲಿಗೆ ಹಾಕಬೇಕು? ಈಗಿನ ಮಡ್ಡಿಯನ್ನು ತಿಪ್ಪೆಗೆ, ಸಗಣಿ ಮತ್ತು ಕಬ್ಬಿನ ತರಗಿನ ಜೊತೆಗೆ ಪದರಪದರವಾಗಿ ಹಾಕುತ್ತೇವೆ. ಕೊಪ್ಪರಿಗೆ ತೊಳೆದ ನೀರೂ ಅಲ್ಲಿಗೇ ಹೋಗುತ್ತದೆ. ಆ ನೀರು ಮೊದಲು ಹಳ್ಳಕ್ಕೆ ಹರಿದು, ಎರಡೇ ದಿನದಲ್ಲಿ ಹುಳಿತು ನಾರುತ್ತಿತ್ತು.

ತರಗಿನ ವಿಷಯದಲ್ಲಿ ಮಾತ್ರ ನಾನು ಅಂದುಕೊಂಡಷ್ಟು ಆಗಿಲ್ಲ. ಕಬ್ಬು ಕಡಿದ ಎಕರೆಯಲ್ಲಿ ಮೂರು ನಾಲ್ಕು ಟನ್ ಒಣ ತರಗು ಉಳಿಯುತ್ತದೆ. ತುದಿಯ ಹಸಿರು ಸೋಗೆ ದನಕ್ಕೆ ಹೋಗುತ್ತದೆ, ತರಗಿಗೆ ಬೆಂಕಿ ಬೀಳುತ್ತದೆ. ಕಡಿದ ಬುಡದಿಂದ ಮತ್ತೆ ಚಿಗುರುವ ಕೂಳೆ ಬೆಳೆಗೆ ಸಾಲು ಬಿಟ್ಟು ಸಾಲಿಗೆ ಹೊದಿಸಿದರೆ ಕಳೆ ಕಡಿಮೆ, ನೀರೂ ಕಡಿಮೆ ಸಾಕು. ಇದನ್ನು ನಮ್ಮ ಎರಡು ಎಕರೆಯಲ್ಲಿ ಮಾಡಿ ತೋರಿಸಿದೆ. ನಮಗೆ ಕಬ್ಬು ಕೊಡುವವರಲ್ಲಿ ಕೆಲವರು ಅನುಸರಿಸಿದರು. ಉಳಿದವರಿಗೆ ಆಳು ಸಿಗುವುದಿಲ್ಲ. ತರಗು ಎಳೆದು ಸಾಲಿಗೆ ಹಾಕುವ ಕೂಲಿ ಯಾರು ಕೊಡಬೇಕು ಎಂಬ ಅವರ ಪ್ರಶ್ನೆಗೆ ನನ್ನ ಬಳಿ ಸರಿಯಾದ ಉತ್ತರವಿಲ್ಲ. ಕಡ್ಡಿ ಗೀರಿದರೆ ಹತ್ತು ನಿಮಿಷದ ಕೆಲಸ ಎಂಬುದನ್ನು ಬರಿಯ ಬುದ್ಧಿಮಾತಿನಿಂದ ಗೆಲ್ಲಲಾಗದು.

ಮಿಕ್ಕ ಸಿಪ್ಪೆಯನ್ನು ಮಾರಬಹುದೆಂದು ಹಲವರು ಹೇಳಿದರು. ನಮ್ಮ ಜಿಲ್ಲೆಯ ಬೆಳಗೊಳದಲ್ಲೇ ಹಿಂದೆ ಕಬ್ಬಿನ ಸಿಪ್ಪೆಯಿಂದ ಕಾಗದ ಮಾಡುವ ಕಾರ್ಖಾನೆ ಇತ್ತೆಂದು ಅಪ್ಪ ನೆನಪಿಸಿಕೊಳ್ಳುತ್ತಾರೆ. ಆದರೆ ಟನ್ನಿಗೆ ಕೆಲವೇ ಕೆಜಿಯಂತೆ ಉಳಿಯುವ ನಮ್ಮಂಥವರು ಮಾರಲು ಹೊರಟರೆ ಮಳೆಗಾಲದಲ್ಲಿ ಮತ್ತೆ ಸೌದೆ ಕೊಳ್ಳಬೇಕಾಗುತ್ತದೆ. ಹಾಗಾಗಿ ಅದನ್ನು ಮಾಡಿನಲ್ಲಿ ಒಟ್ಟುತ್ತೇವೆ; ಜೂನ್ ಜುಲೈ ತಿಂಗಳಲ್ಲಿ ಅದೇ ಒಲೆ ಉರಿಸುತ್ತದೆ.

ಇನ್ನೂ ಕೈಗೆ ಸಿಗದೆ ಉಳಿದಿರುವುದು ಆವಿ. ದಿನಕ್ಕೆ ಮೂರು ಸಾವಿರ ಲೀಟರಿನಷ್ಟು ನೀರು ಕೊಪ್ಪರಿಗೆಯಿಂದ ಬಿಳಿಯಾಗಿ ಎದ್ದು ಸೂರಿನ ಸಂದಿನಿಂದ ಹೊರಗೆ ಹೋಗುತ್ತದೆ. ಒಲೆಯಿಂದ ಕೊಪ್ಪರಿಗೆಗೆ ಮುಟ್ಟಿಸಿದ ಶಾಖದ ಬಹುಪಾಲು ಹೋಗುವುದು ಅದರ ಜೊತೆಗೇ. ತೆರೆದ ಕೊಪ್ಪರಿಗೆಯಲ್ಲಿ ಅದನ್ನು ಹಿಡಿಯುವುದು ಕಷ್ಟ. ಪಾಕ ನೋಡುವವರಿಗೆ ಕೊಪ್ಪರಿಗೆಯ ಒಳಗು ಕಣ್ಣಿಗೆ ಕಾಣುತ್ತಲೇ ಇರಬೇಕು, ಮುಚ್ಚಲಾಗದು. ಗಾಣದಿಂದ ಬರುವ ತಣ್ಣನೆಯ ಹಾಲಿನ ಕೊಳವೆಯನ್ನು ಸೂರಿನ ಕೆಳಗೆ, ಆವಿ ಏಳುವ ಜಾಗದಲ್ಲಿ ಎರಡು ಮೂರು ಸುತ್ತು ಹಾಯಿಸಿದರೆ ಅಷ್ಟರ ಮಟ್ಟಿಗಾದರೂ ಬಿಸಿ ಸಿಕ್ಕೀತೇ ಎಂದು ಈ ಆಷಾಢದಲ್ಲಿ ನೋಡಬೇಕೆಂದಿದ್ದೇನೆ. ಕೊಳವೆಯನ್ನು ದಿನವೂ ಬಿಚ್ಚಿ ತೊಳೆಯುವಂತಿರಬೇಕು. ಒಳಗೆ ಹಾಲು ನಿಂತು ಹುಳಿಯಬಾರದು. ಆದ್ದರಿಂದ ಎರಡು ತುದಿಗೂ ತಿರುಗಣೆಯ ಜೋಡಣೆ ಇಡುವಂತೆ ಮೇಸ್ತ್ರಿಗೆ ಈಗಾಗಲೇ ಹೇಳಿ ಅಳತೆ ಕೊಟ್ಟಿದ್ದೇನೆ.